ಮರೆಮ್ಮನ ಹಗೇವು

ಬ್ಯಾಟರಿಗೆ ಕೈ ಹಚ್ಚುವ ಮೊದಲು ಮರೆಮ್ಮ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡುತ್ತಾಳೆ. ಕಿವಿಯ ಬೆಂಡೋಲೆ, ಕಾಲುಂಗುರ, ಕೈಗಡಿಯಾರ, ಸೆರಗಿನ ಪಿನ್ನು ಎಲ್ಲವೂ ಒಂದು ಹಳೆಯ ಡಬ್ಬಿಗೆ ಹೋಗುತ್ತವೆ. ತಾಳಿಯನ್ನು ಮಾತ್ರ ತೆಗೆಯುವುದಿಲ್ಲ. ತೆಗೆಯುವ ಪ್ರಸಂಗವೇ ಬರದಂತೆ ಹನ್ನೆರಡು ವರ್ಷಗಳ ಹಿಂದೆ ಅದನ್ನು ಸರದಿಂದ ಬಿಡಿಸಿ ಅರಿಸಿನದ ದಾರಕ್ಕೆ ಕಟ್ಟಿಸಿ, ರವಿಕೆಯ ಒಳಗೆ ಸೇರಿಸಿಕೊಂಡಿದ್ದಾಳೆ.

ನನ್ನ ತಮ್ಮನ ಹೆಂಡತಿ ರಂಗೂಬಾಯಿ ಮೊದಲ ದಿನವೇ ಆ ದಾರವನ್ನು ಗಮನಿಸಿ, ಬಡತನದಲ್ಲಿ ಸರ ಹೋಗಿರಬೇಕು ಎಂದುಕೊಂಡು ಮೆಲ್ಲಗೆ ವಿಚಾರಿಸಿದಳು. ಮರೆಮ್ಮ ಎಡಗೈ ಮುಂದೆ ಚಾಚಿದಳು. ಮಣಿಕಟ್ಟಿನ ಸುತ್ತ ಬಳೆಯಷ್ಟೇ ಅಗಲದ ಹೊಳೆಯುವ ಕಲೆಯಿತ್ತು.

"ಸ್ಟೀಲಿನ ಬಳಿ ಇತ್ತ್ರಿ ಅವ್ವಾರ. ಬ್ಯಾಟ್ರಿ ಎರಡೂ ತುದಿಗಿ ಒಮ್ಮೇಲೆ ತಾಗಿ ಕೆಂಪಗ ಕಾದುಬಿಡ್ತು. ಬಳಿ ಹೋತು, ಗುರ್ತು ಉಳೀತು. ಕೊಳ್ಳಾಗಿನ ಸರಕ್ಕೂ ಅಷ್ಟೇ. ಇದು ಬಂಗಾರ, ಇದು ಕಬ್ಬಿಣ ಅಂತ ಕರೆಂಟು ನೋಡಲ್ರಿ."

ರಂಗೂಬಾಯಿ ಅಂದೇ ತನ್ನ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ದೂರ ನಿಂತಳು.

ಮರೆಮ್ಮನಿಗೆ ಈಗ ನಲವತ್ತೆರಡು. ಪುಣೆಯ ಹಡಪಸರದ ಗ್ಯಾರೇಜುಗಳ ಸಾಲಿನಲ್ಲಿ ಹತ್ತಡಿ ಅಗಲದ ಅವಳ ಅಂಗಡಿಯಿದೆ. ಗುಡ್ಡಗಾಡಿಗೆ ಹೋಗಿ ಜೀಪಿನಲ್ಲೋ ವ್ಯಾನಿನಲ್ಲೋ ಮಲಗಿ ಬರುವ ಹವ್ಯಾಸ ಪುಣೆಯಲ್ಲಿ ಹೆಚ್ಚಾದಂತೆ, ವಾಹನದ ನೆತ್ತಿಗೆ ಸೌರಫಲಕ, ಒಳಗೆ ಬ್ಯಾಟರಿ ಕೂರಿಸಿಕೊಡುವ ಕೆಲಸ ಅವಳಿಗೆ ಹೆಚ್ಚಾಗಿ ಬರತೊಡಗಿದೆ. ಶಾಲೆಯಲ್ಲಿ ಕಲಿತದ್ದು ಎರಡನೆಯ ಇಯತ್ತೆ. ನಾನು ಶಿವಾಜಿನಗರದ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದವಳು. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಡಲು ಕಾರಣವಿದೆ, ಮುಂದೆ ಹೇಳುತ್ತೇನೆ.

ಅವಳು ನಮ್ಮ ಮನೆಯವರಿಗೆ ಬೇಕಾದದ್ದು ನನ್ನ ತಮ್ಮ ಬಾಳಕೃಷ್ಣನಿಗಾಗಿ. ಅವನು ಸರಕಾರದ ಅಂತರ್ಜಲ ವಿಭಾಗದಲ್ಲಿ ದುಡಿದವನು. ಬಾವಿಗಳ ನೀರು ಅಳೆಯುತ್ತ ವರ್ಷಕ್ಕೆ ಏಳೆಂಟು ತಿಂಗಳು ಡೇರೆಯಲ್ಲಿ ಮಲಗುತ್ತಿದ್ದ. ಮನೆಯ ಮಂಚದ ಮೇಲೆ ಮಲಗಿದರೆ ಬೆನ್ನು ನೋಯುತ್ತದೆ ಎಂದು ದೂರುತ್ತಿದ್ದ. ಆರು ವರ್ಷಗಳ ಹಿಂದೆ ಅವನಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ರೋಗವಿದೆಯೆಂದು ಗೊತ್ತಾಯಿತು. ಅಂದಿನಿಂದ ರಾತ್ರಿಯೆಲ್ಲ ಮೂಗಿಗೆ ಮುಸುಕು ಹಾಕಿಕೊಂಡು, ಗಾಳಿ ಒತ್ತುವ ಒಂದು ಸಣ್ಣ ಯಂತ್ರಕ್ಕೆ ಅಂಟಿಕೊಂಡೇ ಮಲಗಬೇಕು. ಯಂತ್ರಕ್ಕೆ ಆರಡಿಯ ವಾಯರು. ವಾಯರಿನ ತುದಿ ಗೋಡೆಯಲ್ಲಿ. ದಖ್ಖನ್ನಿನ ಉದ್ದಗಲ ತಿರುಗಿದವನು ಆರು ವರ್ಷದಿಂದ ಪುಣೆಯ ಇನ್ನೊಂದು ತುದಿಯಾದ ಹಿಂಜವಾಡಿಯ ಹನ್ನೊಂದನೆಯ ಮಹಡಿಯಲ್ಲಿ, ಗೋಡೆಯಿಂದ ಆರಡಿಯೊಳಗೇ ಮಲಗುತ್ತಿದ್ದ.

ಜುನ್ನರದ ಆಚೆ, ನಾಣೇಘಾಟದ ಹತ್ತಿರದ ಗುಡ್ಡದ ನೆತ್ತಿಯ ಬಯಲಿನಲ್ಲಿ ಅವನು ತರುಣನಾಗಿದ್ದಾಗ ಒಂದು ಇಡೀ ಚಳಿಗಾಲ ಡೇರೆ ಹಾಕಿದ್ದ. ಅಲ್ಲಿ ಇನ್ನೊಮ್ಮೆ ಮಲಗಬೇಕೆಂಬುದು ಅವನ ಒಂದೇ ಬೇಡಿಕೆ. ಮಗ ಕೇದಾರ ಒಂದು ಹಳೆಯ ವ್ಯಾನು ಕೊಂಡು ಹಾಸಿಗೆ ಮಾಡಿಸಿದ. ವೈದ್ಯರು ಒಪ್ಪಿದರು, ಆದರೆ ಯಂತ್ರವಿಲ್ಲದೆ ಒಂದು ತಾಸೂ ನಿದ್ದೆ ಮಾಡಕೂಡದು ಎಂದರು. ರಂಗೂಬಾಯಿ ತನ್ನ ಷರತ್ತನ್ನು ಸೇರಿಸಿದಳು.

"ಮದಲ ಇಲ್ಲೇ ಕೆಳಗ ಪಾರ್ಕಿಂಗದಾಗ ಮೂರು ರಾತ್ರಿ ಮಲಗಿ ತೋರಸ್ರಿ. ಮಶೀನು ಒಂದ ಸಲ ನಿಂತ್ರೂ ಗಾಡಿ ಮಾರೂದು. ಆಮ್ಯಾಲ ಈ ವಿಷಯ ಮನ್ಯಾಗ ತಗೀಬಾರದು."

ಬಾಳಕೃಷ್ಣ ಒಪ್ಪಿದ. ಅವಳು ಆಡಿದ ಮಾತು ಬದಲಿಸುವವಳಲ್ಲ ಎಂಬುದು ನಲವತ್ತೈದು ವರ್ಷದಲ್ಲಿ ಅವನಿಗೆ ತಿಳಿದಿತ್ತು.

ಹೀಗಾಗಿ ದಸರೆಗೆ ಹತ್ತು ದಿನ ಮುಂಚೆ, ಕೇದಾರನ ಸಹೋದ್ಯೋಗಿಯೊಬ್ಬರು ಕೊಟ್ಟ ನಂಬರು ಹಿಡಿದು ಮರೆಮ್ಮನನ್ನು ಕರೆಸಿದ್ದಾಯಿತು. ಬೆಳಿಗ್ಗೆ ಏಳಕ್ಕೇ ಸ್ಕೂಟರಿನ ಮೇಲೆ ಊರಿನ ಆ ತುದಿಯಿಂದ ಈ ತುದಿಗೆ ಬಂದಳು. ವ್ಯಾನನ್ನು ನೋಡಲೇ ಇಲ್ಲ. ಒಂದು ಇಟ್ಟಂಗಿಯ ಚೂರು ಕೇಳಿದಳು. ಕಟ್ಟಡದ ನೆರಳಿನ ಅಂಚಿನಲ್ಲಿ ನೆಲಕ್ಕೆ ಒಂದು ಗೆರೆ ಎಳೆದು, ಗೋಡೆಗೆ ಒರಗಿ ಕೂತಳು. ತಾಸಿಗೊಮ್ಮೆ ಎದ್ದು ಇನ್ನೊಂದು ಗೆರೆ. ನಡುವೆ ರೊಟ್ಟಿ ತಿಂದಳು, ಫೋನಿನಲ್ಲಿ ಯಾರನ್ನೋ ಬೈದಳು, ಮತ್ತೆ ಗೆರೆ. ಸಂಜೆ ಐದಕ್ಕೆ ಪಾರ್ಕಿಂಗಿನ ನೆಲದ ಮೇಲೆ ಹನ್ನೊಂದು ಕೆಂಪು ಗೆರೆಗಳು ಬೀಸಣಿಗೆಯಂತೆ ಹರಡಿದ್ದವು. ಗೇಟಿನ ಪಕ್ಕದ ಒಂದು ಜಾಗ ಮಾತ್ರ ಯಾವ ಗೆರೆಯ ಒಳಗೂ ಬಿದ್ದಿರಲಿಲ್ಲ.

"ಗಾಡಿ ಇಲ್ಲಿ ನಿಲ್ಲಬೇಕ್ರಿ," ಎಂದಳು. "ಗಿಡದ ನೆಳ್ಳು, ಕಂಬದ ನೆಳ್ಳು, ಯಾವುದೂ ಫಲಕದ ಮ್ಯಾಲ ಬೀಳಬಾರದು. ಒಂದು ಕೈ ಅಗಲ ಬಿದ್ರೂ ಕೆಲಸ ಕೆಡ್ತದ."

ಕೇದಾರ ಮೊಬೈಲಿನಲ್ಲಿ ಸೂರ್ಯನ ದಾರಿ ತೋರಿಸುವ ಆ್ಯಪು ತೆರೆದು, ಇದೇ ಉತ್ತರವನ್ನು ತಾನು ಎರಡು ನಿಮಿಷದಲ್ಲಿ ಕೊಡಬಹುದಿತ್ತು ಎಂದ.

"ಕೊಡಬೇಕಿತ್ತಲ್ಲಪ್ಪ. ನಾ ರೊಟ್ಟಿ ತಿಂದು ಮನಿಗಿ ಹೋಗ್ತಿದ್ದೆ."

ಆಮೇಲೆ ಅವಳು ವ್ಯಾಟು ಎಷ್ಟು, ವೋಲ್ಟು ಎಷ್ಟು ಎಂದು ಕೇಳಲಿಲ್ಲ. ಬಾಳಕೃಷ್ಣನನ್ನು ಎದುರಿಗೆ ಕೂರಿಸಿಕೊಂಡು, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ, ಮಲಗಿದಾಗಿನಿಂದ ಏಳುವವರೆಗೆ ಗಾಡಿಯಲ್ಲಿ ಯಾವ ಯಾವ ಸಾಮಾನು ಎಷ್ಟು ಹೊತ್ತು ನಡೆಯುತ್ತದೆ ಎಂದು ಒಂದೊಂದಾಗಿ ಕೇಳಿದಳು. ಅವಳ ಅಳತೆ ಸೇರು. ಹತ್ತು ವ್ಯಾಟಿನ ದೀಪ ಹತ್ತು ತಾಸು ಉರಿದರೆ ಒಂದು ಸೇರು ತಿಂದಂತೆ. ಉಸಿರಿನ ಯಂತ್ರಕ್ಕೆ ರಾತ್ರಿಗೆ ಮೂರು ಸೇರು. ಸಣ್ಣ ಫ್ರಿಜ್ಜಿಗೆ ಹಗಲು ರಾತ್ರಿ ಸೇರಿ ನಾಲ್ಕು. ದೀಪ, ಫ್ಯಾನು, ಮೊಬೈಲಿಗೆ ಒಂದು. ಬ್ಯಾಟರಿಯ ಹೊಟ್ಟೆ ಹದಿಮೂರು ಸೇರಿಗೆ ಒಂದು ಹಿಡಿ ಕಮ್ಮಿ. ದಸರೆಯ ಬಿಸಿಲು ದಿನಕ್ಕೆ ಹತ್ತು ಹನ್ನೊಂದು ಸೇರು ಬೆಳೆ ಕೊಡುತ್ತದೆ, ಶ್ರಾವಣದಲ್ಲಾದರೆ ನಾಲ್ಕೂ ಇಲ್ಲ.

ನಾನು ಸುಮ್ಮನೆ ಒಂದು ಹಳೆಯ ಲಕೋಟೆಯ ಹಿಂದೆ ಲೆಕ್ಕ ಮಾಡಿದೆ. ಬ್ಯಾಟರಿಯ ಸಾಮರ್ಥ್ಯ ಸಾವಿರದ ಇನ್ನೂರ ಎಂಬತ್ತು ವ್ಯಾಟ್-ತಾಸು ಬಂತು. ಹದಿಮೂರು ಸೇರಿಗೆ ಒಂದು ಹಿಡಿ ಕಮ್ಮಿ. ಲಕೋಟೆಯನ್ನು ಮಡಿಸಿ ಚೀಲದಲ್ಲಿ ಹಾಕಿಕೊಂಡೆ.

"ಬಾಯಿ, ನಿಮ್ದು ಎಷ್ಟು ಬಂತ್ರಿ?" ಎಂದು ಮರೆಮ್ಮ ಕೇಳಿದಳು. ಶಾಲೆ ಕಲಿಸುವ ಹೆಂಗಸರನ್ನು ಅವಳ ಕಡೆಯವರು ಬಾಯಿ ಎನ್ನುತ್ತಾರೆ.

"ನಿನ್ನಷ್ಟೇ."

"ಹಂಗಾರ ನಿಮ್ದೂ ಬರೋಬ್ಬರಿ ಅದ," ಎಂದು ಅವಳು ನನ್ನನ್ನು ಪಾಸು ಮಾಡಿದಳು.

ಈ ಸೇರು ಅವಳಿಗೆ ಬಂದದ್ದು ಅವಳು ಆಯಿ ಎನ್ನುವ ಅಜ್ಜಿಯಿಂದ. ಊರು ಸುರಪುರದ ಹತ್ತಿರ. ಅಜ್ಜಿಯ ಮನೆಯಂಗಳದಲ್ಲಿ ಹಗೇವಿತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಂಡಿ. ಏಳನೆಯ ವಯಸ್ಸಿನಲ್ಲಿ ಅಪ್ಪ ಅವ್ವನ ಹಿಂದೆ ಪುಣೆಗೆ ಬರುವಾಗ, ಮುಚ್ಚಳ ತೆಗೆದ ಹಗೇವಿನಿಂದ ಮೇಲೆ ಬಂದ ಬಿಸಿ ವಾಸನೆ ತನ್ನ ಮೂಗಿನಲ್ಲಿ ಇನ್ನೂ ಇದೆ ಎನ್ನುತ್ತಾಳೆ. ಬ್ಯಾಟರಿಯನ್ನು ಅವಳು ಹಗೇವು ಎಂದೇ ಕರೆಯುತ್ತಾಳೆ. ಗಿರಾಕಿಗಳು ಮೊದಲು ನಗುತ್ತಾರೆ, ಆಮೇಲೆ ಅವರೂ ಹಾಗೇ ಕರೆಯುತ್ತಾರೆ.

ಪುಣೆಯಲ್ಲಿ ಅವಳ ಬಾಲ್ಯ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಕಳೆಯಿತು. ಒಂದು ಕಟ್ಟಡ ಮುಗಿದರೆ ಶೆಡ್ಡು ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಮುಂದಿನದಕ್ಕೆ. ಹಿಂಜವಾಡಿಯ ಮೊದಲ ಕಂಪನಿಗಳು ಏಳುತ್ತಿದ್ದಾಗ ಅವಳಿಗೆ ಹದಿನಾರು, ಹದಿನೇಳು. ಸ್ಲ್ಯಾಬು ಹಾಕುವ ದಿನ ನೆಲದಿಂದ ಮಾಳಿಗೆಯವರೆಗೆ ಗಂಡಾಳು ಹೆಣ್ಣಾಳು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಸಾಲಿನಲ್ಲಿ ನಾಲ್ಕು ವರ್ಷ ನಿಂತಿದ್ದಾಳೆ. ಅಲ್ಲಿ ವಾಯರಿಂಗ್ ಮಾಡುತ್ತಿದ್ದ ಅಂಬಾದಾಸ ಎಂಬ ಮಿಸ್ತ್ರಿ, ಅವಳ ಕೈ ಸಣ್ಣದಿದೆ ಎಂದು ಗೋಡೆಯೊಳಗಿನ ಪೈಪುಗಳಲ್ಲಿ ವಾಯರು ಎಳೆಯಲು ಕರೆದ. ವಾಯರು ಎಳೆಯುತ್ತ ಎಳೆಯುತ್ತ, ಅದು ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಕೇಳತೊಡಗಿದಳು. ಕೇಳಿದ್ದಕ್ಕೆಲ್ಲ ಅಂಬಾದಾಸ ಉತ್ತರ ಹೇಳಿದ. ಅವನು ಹೇಳದೆ ಇದ್ದಿದ್ದರೆ ಈ ಬರಹವಿಲ್ಲ.

ಮದುವೆಯ ನಂತರ ಹಡಪಸರ. ಗಂಡ ಅವ್ವಣ್ಣ ಕಾರ್ಖಾನೆಯಲ್ಲಿ, ಇವಳು ಬ್ಯಾಟರಿ ಅಂಗಡಿಯಲ್ಲಿ ನೀರು ತುಂಬುವ ಕೆಲಸಕ್ಕೆ. ಯಾವುದೋ ಬಂಗಲೆಯ ಮಾಳಿಗೆಯಿಂದ ಕೆಳಗಿಳಿಸಿ ಎಸೆದಿದ್ದ, ಗಾಜು ಬಿರಿದ ಫಲಕವೊಂದನ್ನು ಕೇಳಿ ತಂದು, ಲಾರಿಯ ಹಳೆಯ ಬ್ಯಾಟರಿಗೆ ಜೋಡಿಸಿ ಅವ್ವನ ಶೆಡ್ಡಿನಲ್ಲಿ ದೀಪ ಹಚ್ಚಿದ್ದು ಅವಳ ಮೊದಲ ಸೌರ ಕೆಲಸ. ಮುಂದಿನ ಕಟ್ಟಡಕ್ಕೆ ಹೊರಟಾಗ ಪಾತ್ರೆ, ಪೊರಕೆಗಳ ಜೊತೆ ಫಲಕವೂ ಟೆಂಪೋ ಏರಿತು.

ಕೇದಾರ ಅವಳಿಗೆ ಕ್ಯಾಂಪಿಂಗ್ ಎಂದರೇನು ಎಂದು ವಿವರಿಸಲು ಹೋದಾಗ ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ಗೊತ್ತದಪ್ಪ. ನಮ್ಮವ್ವ ಮೂವತ್ತು ವರ್ಷ ಕ್ಯಾಂಪಿಂಗ್ ಮಾಡ್ಯಾಳ. ಯಾರೂ ಫೋಟೋ ತಗೀಲಿಲ್ಲ."

ಜೋಡಣೆಗೆ ಎರಡು ದಿನ ಹಿಡಿಯಿತು. ಕೇದಾರ ಮುಂಚೆಯೇ ಒಂದು ದೊಡ್ಡ ಇನ್ವರ್ಟರು ತರಿಸಿಟ್ಟಿದ್ದ. ಬ್ಯಾಟರಿಯ ವಿದ್ಯುತ್ತನ್ನು ಮನೆಯ ವಿದ್ಯುತ್ತಿನಂತೆ ಮಾಡುವ ಪೆಟ್ಟಿಗೆ ಅದು. ಉಸಿರಿನ ಯಂತ್ರದ ಅಡಾಪ್ಟರು ಅದನ್ನು ಮತ್ತೆ ಬ್ಯಾಟರಿಯ ವಿದ್ಯುತ್ತಿನಂತೆ ಮಾಡಿಯೇ ಬಳಸುತ್ತದೆ. ಮರೆಮ್ಮ ಎರಡೂ ಪೆಟ್ಟಿಗೆಗಳನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು.

"ಜ್ವಾಳ ಬೀಸಿ ಹಿಟ್ಟು ಮಾಡಿ, ಆ ಹಿಟ್ಟಿನಿಂದ ಮತ್ತ ಜ್ವಾಳ ಮಾಡ್ತೀರೇನು? ಬೀಸಾಗ ಅರ್ಧ ಗಾಳಿಗಿ ಹೋಗ್ತದ."

ಯಂತ್ರಕ್ಕೆ ನೇರವಾಗಿ ಬ್ಯಾಟರಿಯಿಂದಲೇ ಬರುವ ದಪ್ಪ ವಾಯರು ಹಾಕಿದಳು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು. ರಂಗೂಬಾಯಿ ಪೆಟ್ಟಿಗೆಗೆ ಸಣ್ಣ ಗಣಪತಿಯನ್ನು ಅಂಟಿಸಲು ಬಂದಾಗ, "ಹಚ್ಚರಿ. ಮದಲ ಫ್ಯೂಜು, ಆಮ್ಯಾಲ ದೇವರು," ಎಂದು ಜಾಗ ಬಿಟ್ಟುಕೊಟ್ಟಳು. ಮಧ್ಯಾಹ್ನ ಚಹಾ ಕುಡಿಯುವಾಗ ಗೇಟಿನ ಹೊರಗೆ ಕೈ ತೋರಿಸಿ, ಎದುರಿನ ಗಾಜು ಹೊದ್ದ ಕಂಪನಿ ಕಟ್ಟಡದ ನಾಲ್ಕನೆಯ ಮಾಳಿಗೆಯ ಗೋಡೆಗಳಲ್ಲಿ ತಾನು ಎಳೆದ ವಾಯರುಗಳಿವೆ ಎಂದಳು. ಹೆಮ್ಮೆಯಿಂದಲ್ಲ, ಬಸ್ ಸ್ಟಾಪು ಎಲ್ಲಿದೆ ಎಂದು ಹೇಳಿದಂತೆ. ಸಂಜೆ ಆ ಮಾಳಿಗೆಯಲ್ಲಿ ಒಂದೇ ಹೊತ್ತಿಗೆ ದೀಪಗಳು ಹತ್ತಿದವು. ನಾನು ಬಹಳ ಹೊತ್ತು ಅತ್ತ ನೋಡಿದೆ.

ದಸರೆಯ ಹಿಂದಿನ ದಿನ ಪರೀಕ್ಷೆ ಶುರುವಾಯಿತು. ಸಂಜೆಗೆ ಬ್ಯಾಟರಿ ಪೂರ್ತಿ ತುಂಬಿತ್ತು. ಬಾಳಕೃಷ್ಣ ಯಂತ್ರ ಎತ್ತಿಕೊಂಡು ಹನ್ನೊಂದು ಮಹಡಿ ಇಳಿದು ಹೋಗಿ ವ್ಯಾನಿನಲ್ಲಿ ಮಲಗಿದ. ಮರುದಿನ ಅವನ ಮುಖ ಅರಳಿತ್ತು. ಮೀಟರಿನಲ್ಲಿ ನೂರಕ್ಕೆ ಐವತ್ತೈದು ಉಳಿದಿತ್ತು. ಮರೆಮ್ಮ ಹೇಳಿದ್ದೂ ಅಷ್ಟೇ.

ದಸರೆಯ ದಿನ ಪುಣೆಯಲ್ಲಿ ಚೆಂಡುಹೂವಿನ ಹಾರ ಕಾಣದ ಗಾಡಿಯೇ ಇರುವುದಿಲ್ಲ. ರಂಗೂಬಾಯಿ ವ್ಯಾನಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಮುಂಭಾಗಕ್ಕೆ ಹಾರ ಹಾಕಿ, ಬ್ಯಾಟರಿಯ ಪೆಟ್ಟಿಗೆಗೆ ಕುಂಕುಮ ಹಚ್ಚಿದಳು. ಆಮೇಲೆ ತಲೆಯೆತ್ತಿದಳು.

"ದುಡಿಯೂ ಆಯುಧಕ್ಕ ಪೂಜಿ ಅಂತೀವಿ. ಖರೇ ದುಡಿಯೂದು ಮ್ಯಾಲಿಂದು. ಅದಕ್ಕ ಬ್ಯಾಡೇನು? ಕೇದಾರ, ಏಣಿ ತಾ."

ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಕೇದಾರ ಏಣಿ ಹತ್ತಿ ಫಲಕದ ಕೆಳ ಅಂಚಿನ ಉದ್ದಕ್ಕೂ ದಪ್ಪನೆಯ ಹಾರ ಇಳಿಬಿಟ್ಟ. ನೆಲದಿಂದ ಅದು ಕಾಣುತ್ತಿರಲಿಲ್ಲ. ಹಾರವನ್ನು ಕೆಳಗಿನಿಂದ ಎತ್ತಿಕೊಟ್ಟವಳು ನಾನು.

ಮಾರನೆಯ ಬೆಳಿಗ್ಗೆ ರಂಗೂಬಾಯಿ ಚಹಾದ ಹಾಲಿಗೆಂದು ವ್ಯಾನಿನ ಫ್ರಿಜ್ಜು ತೆರೆದಳು. ಒಳಗೆ ಬೆಚ್ಚಗಿತ್ತು, ಹಾಲು ಒಡೆದಿತ್ತು. ಫ್ಯಾನು ತಿರುಗಲಿಲ್ಲ. ದೀಪ ಹತ್ತಲಿಲ್ಲ. ಬಾಳಕೃಷ್ಣ ಐದಕ್ಕೇ ಎದ್ದು, ರೂಢಿಯಂತೆ ಮುಸುಕು ಕಳಚಿ, ಯಂತ್ರ ನಡೆಯುತ್ತಿದೆಯೋ ಇಲ್ಲವೋ ಗಮನಿಸದೆ ನಿದ್ದೆಗಣ್ಣಿನಲ್ಲೇ ಅದರ ಗುಂಡಿ ಒತ್ತಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ದೀಪದ ಗುಂಡಿ ಒತ್ತಿದಾಗಲೇ ಅವನಿಗೆ ತಿಳಿದಿತ್ತು.

"ಎಲ್ಲಾ ಬಂದ್ ಆಗ್ಯಾವ," ಎಂದಳು ರಂಗೂಬಾಯಿ. "ಮಶೀನೂ ನಿಂತಿರಬೇಕು. ನಿಮಗ ಎಚ್ಚರ ಆಗಿಲ್ಲ, ಅಷ್ಟ. ಮುಗೀತು."

ಬಾಳಕೃಷ್ಣ ಹೊದಿಕೆ ಮಡಿಸತೊಡಗಿದ. ಡೇರೆಯವರು ಮಡಿಸುವ ರೀತಿಯದು: ಮೂಲೆಗೆ ಮೂಲೆ ಹಿಡಿದು, ಮೊಣಕಾಲಿನಿಂದ ಒತ್ತಿ. ಆ ಕೈಗಳನ್ನು ನೋಡುವುದು ನನಗೆ ಬೇಡವಾಯಿತು. ಕೇದಾರ ತನ್ನ ಲ್ಯಾಪ್‌ಟಾಪಿನ ಕೋಷ್ಟಕ ತೆರೆದು, ಚಾರ್ಜ್ ಮಾಡುವ ಸಾಧನವೇ ಕೆಟ್ಟಿದೆ, ಹೊಸದು ಬರಲು ಎಂಟು ದಿನ ಬೇಕು ಎಂದ. ಅವನ ರಜೆ ಅಷ್ಟರೊಳಗೆ ಮುಗಿಯುತ್ತಿತ್ತು.

ಮರೆಮ್ಮ ಹನ್ನೊಂದಕ್ಕೆ ಬಂದಳು. ದಸರೆಯ ಮರುದಿನವಾದ್ದರಿಂದ ಚೀಲದಲ್ಲಿ ಬನ್ನಿಯ ಎಲೆಗಳಿದ್ದವು, ಆದರೆ ಯಾರಿಗೂ ಕೊಡಲಿಲ್ಲ. ಮೀಟರನ್ನೂ ನೋಡಲಿಲ್ಲ. ಚಕ್ರದ ಬದಿಯಲ್ಲಿ ಒಣಗಿದ್ದ ನಿಂಬೆಹಣ್ಣನ್ನು ಚಪ್ಪಲಿಯ ತುದಿಯಿಂದ ಹೊರಳಿಸಿದಳು.

"ಪೂಜಿ ಆತೇನ್ರಿ?"

"ಆತು," ಎಂದಳು ರಂಗೂಬಾಯಿ.

"ಎಲ್ಲೆಲ್ಲಿಗಿ ಮಾಡಿದ್ರಿ?"

ರಂಗೂಬಾಯಿ ಎಲ್ಲವನ್ನೂ ತೋರಿಸಿದಳು. ಕೊನೆಗೆ ಬೆರಳು ಮೇಲಕ್ಕೆ ಹೋಯಿತು. ಮರೆಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಡಬ್ಬಿಗೆ ಓಲೆ, ಕಾಲುಂಗುರ ಹಾಕಿ, ಸೆರಗು ಸಿಕ್ಕಿಸಿ, ಬರಿಗಾಲಲ್ಲಿ ಏಣಿ ಹತ್ತಿದಳು. ಫಲಕದ ಮೇಲೆ ಅಂಗೈ ಇಟ್ಟು ಅಲ್ಲಿಂದ ಇಲ್ಲಿಗೆ ಸರಿಸಿದಳು, ಜ್ವರ ನೋಡುವವರಂತೆ.

"ಕೇದಾರಪ್ಪ, ಮೀಟರು ಓದು. ಸೂರ್ಯನಿಂದ ಎಷ್ಟು ಬರ್ಲಿಕತ್ತದ?"

"ಆರು ವ್ಯಾಟ್."

ಅವಳು ಬಾಡಿದ ಹಾರವನ್ನು ಎರಡೂ ಕೈಯಿಂದ ಎತ್ತಿದಳು.

"ಈಗ?"

ಕೇದಾರ ತಕ್ಷಣ ಓದಲಿಲ್ಲ. ಅಂಕಿಗಳು ಏರುತ್ತಿದ್ದವು. ನಿಂತ ಮೇಲೆ ಹೇಳಿದ: "ಎರಡುನೂರಾ ಎಂಬತ್ತು."

ನಾನು ಮರೆಮ್ಮನಿಗೆ ಹಾರವನ್ನು ಇದ್ದಲ್ಲೇ ಮತ್ತೆ ಇಡಲು ಹೇಳಿದೆ. ಆರು. ಎತ್ತಲು ಹೇಳಿದೆ. ಎರಡುನೂರಾ ಎಂಬತ್ತು. ಗೇಣು ಅಗಲದ ಹೂವಿನ ಪಟ್ಟಿ ಸೂರ್ಯನನ್ನು ಆರಿಸುತ್ತಿತ್ತು, ಹಚ್ಚುತ್ತಿತ್ತು. ಇದರ ಸಿದ್ಧಾಂತವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಣ್ಣಾರೆ ನೋಡಿದ್ದು ಅದೇ ಮೊದಲು.

"ಬರೇ ಹೂವಿನಿಂದ?" ಎಂದಳು ರಂಗೂಬಾಯಿ. "ಅಷ್ಟು ದೊಡ್ಡ ಗಾಜು ಅದ. ಕೆಳಗಿನ ಒಂದು ಸಾಲು ಮುಚ್ಚಿದ್ರ ಅಷ್ಟ ಕಮ್ಮಿ ಆಗಬೇಕು."

ನಾನು ವಿವರಿಸಲು ಬಾಯಿ ತೆರೆದೆ. ಮರೆಮ್ಮ ಆಗಲೇ ಏಣಿಯ ಮೇಲಿನಿಂದ ಹೇಳತೊಡಗಿದ್ದಳು.

"ಇದರಾಗ ಸಣ್ಣ ಸಣ್ಣ ನೀಲಿ ಮನಿ ಅದಾವಲ್ರಿ ಅವ್ವಾರ, ಅವು ಸ್ಲ್ಯಾಬಿನ ದಿನ ಸಾಲು ನಿಂತ ಆಳು ಇದ್ದಂಗ. ಒಬ್ಬಾಕಿ ಬುಟ್ಟಿ ಇನ್ನೊಬ್ಬಾಕಿಗಿ, ಆಕಿದು ಮತ್ತೊಬ್ಬಾಕಿಗಿ. ಅರವತ್ತು ಮಂದಿ ಗಟ್ಟಿ ಅದಾರ, ನಡುವ ಒಬ್ಬಾಕಿ ಕೈ ಕಟ್ಟಿ ಕುಂತಳು. ಬುಟ್ಟಿ ಎಷ್ಟು ಮ್ಯಾಲ ಹೋಗ್ತಾವ್ರಿ?"

ರಂಗೂಬಾಯಿ ಯೋಚಿಸಿದಳು. "ಒಂದೂ ಹೋಗೂದಿಲ್ಲ."

"ಅಷ್ಟೇ ರಿ."

ಒಂದೆರಡು ಮನೆಗಳಿಗೆ ನೆರಳು ಬಿದ್ದರೆ ವಿದ್ಯುತ್ತು ಸುತ್ತಿ ಹೋಗುವ ದಾರಿ ಫಲಕದೊಳಗೇ ಇರುತ್ತದೆ. ಕೆಳಸಾಲು ಪೂರ್ತಿ ಮುಚ್ಚಿದರೆ ಆ ದಾರಿಗಳೂ ಉಪಯೋಗಕ್ಕೆ ಬರುವುದಿಲ್ಲ. ನಾನು ಸೇರಿಸಬಹುದಾಗಿದ್ದದ್ದು ಇಷ್ಟೇ. ಮೂವತ್ತನಾಲ್ಕು ವರ್ಷ ನಾನು ಇದನ್ನು ನೀರಿನ ಕೊಳವೆಯ ಉದಾಹರಣೆಯಿಂದ ಕಲಿಸಿದ್ದೆ. ಕೊಳವೆಯೊಳಗೆ ನಿಂತ ಅನುಭವ ನನಗಿರಲಿಲ್ಲ. ಅವಳು ಆ ಸಾಲಿನಲ್ಲಿ ನಿಂತವಳು.

"ಹಂಗಾರ ಪೂಜಿ ಮಾಡಬಾರದಾಗಿತ್ತು," ಎಂದಳು ರಂಗೂಬಾಯಿ, ಬಿಗಿಯಾಗಿ.

"ಯಾಕ್ರಿ, ನಾನೂ ಮಾಡ್ತೀನಿ. ದೇವರಿಗಿ ಹೂವು ಏರಸ್ತೀವಿ. ಕಣ್ಣು ಮುಚ್ಚಂಗ ಏರಸ್ತೀವೇನ್ರಿ?"

ಕೆಳಗಿಳಿದು ಬಾಳಕೃಷ್ಣನ ಎದುರು ನಿಂತಳು. "ಸಾಹೇಬ್ರ, ನಿನ್ನಿ ಸಂಜಿಗಿ ಮೀಟರಿನಾಗ ಎಷ್ಟಿತ್ತು?"

"ನಲವತ್ತು."

"ಹಗಲೆಲ್ಲ ಬಿಸಲಿದ್ದು ನಲವತ್ತಕ್ಕ ಇಳದದ ಅಂದ್ರ ಫೋನ್ ಮಾಡಬೇಕಿತ್ತಲ್ರಿ."

"ಮಾಡಿದ್ರ ಈಕಿ ಕೇಳಿಸ್ಕೋತಿದ್ಲು. ಕೈ ಹಿಡದು ಮ್ಯಾಲ ಕರಕೊಂಡು ಹೋಗ್ತಿದ್ಲು."

"ಈಗೂ ಕರಕೊಂಡು ಹೋಗ್ತೀನಿ," ಎಂದಳು ರಂಗೂಬಾಯಿ. "ಹೂವು ನನ್ನ ತಪ್ಪು, ಒಪ್ಪಿದೆ. ಆದ್ರ ಅಲ್ಲಿ ಗುಡ್ಡದ ಮ್ಯಾಲ ಹೂವಿನ ಬದಲಿ ಏನರ ಇನ್ನೊಂದು ಆಗತದ. ತಪ್ಪು ಯಾರದರ ಇರಲಿ, ಮಶೀನು ನಿಂತತು. ಮಾತು ಮಾತೇ."

"ನಿಂತಿದ್ದು ಯಾರು ನೋಡ್ಯಾರ್ರಿ?" ಎಂದಳು ಮರೆಮ್ಮ.

ಯಾರೂ ನೋಡಿರಲಿಲ್ಲ. ಅವಳು ಯಂತ್ರದ ಗುಂಡಿ ಒತ್ತಿದಳು. ಅದು ಮೆಲ್ಲಗೆ ಗುಂಯ್ ಎಂದಿತು. ಹಾರ ತೆಗೆದು ಕಾಲು ತಾಸೂ ಆಗಿರಲಿಲ್ಲ. ಆ ವಿದ್ಯುತ್ತಿನಿಂದ ಅಲ್ಲ ಎಂದು ತೋರಿಸಲು ಫಲಕದ ವಾಯರನ್ನೇ ಕಿತ್ತಳು. ಯಂತ್ರ ನಡೆಯುತ್ತಲೇ ಇತ್ತು. ದೀಪ ಇನ್ನೂ ಸತ್ತೇ ಇತ್ತು. ಕೇದಾರ ಯಂತ್ರದ ಸಣ್ಣ ಪರದೆಯಲ್ಲಿ ಹಿಂದಿನ ರಾತ್ರಿಯ ದಾಖಲೆ ತೆರೆದ. ಏಳು ತಾಸು ಹತ್ತು ನಿಮಿಷ. ಎಲ್ಲಿಯೂ ಕಡಿದಿರಲಿಲ್ಲ.

ಅವಳು ಬ್ಯಾಟರಿಯ ಪೆಟ್ಟಿಗೆ ಬಿಚ್ಚಿದಳು. ಬ್ಯಾಟರಿಯಿಂದ ಎರಡು ದಾರಿಗಳು ಹೊರಟಿದ್ದವು. ಒಂದು ಫ್ರಿಜ್ಜು, ದೀಪ, ಫ್ಯಾನಿಗೆ. ಐದರಲ್ಲಿ ಒಂದು ಪಾಲು ಉಳಿದ ಕೂಡಲೇ ಅದು ತಾನಾಗಿ ಕಡಿಯುತ್ತಿತ್ತು. ಇನ್ನೊಂದು, ಕೆಂಪು ಪಟ್ಟಿ ಸುತ್ತಿದ್ದು, ಉಸಿರಿನ ಯಂತ್ರಕ್ಕೆ ಮಾತ್ರ. ರಾತ್ರಿ ಯಾವಾಗಲೋ ಉಳಿದದ್ದೆಲ್ಲ ಆರಿಹೋದ ಮೇಲೂ ಯಂತ್ರ ಆ ಐದನೆಯ ಪಾಲನ್ನು ಸ್ವಲ್ಪ ಸ್ವಲ್ಪವೇ ತಿಂದು ನಡೆದಿತ್ತು. ಇನ್ನೂ ಒಂದು ಸೇರಿಗಿಂತ ಹೆಚ್ಚು ಉಳಿದಿತ್ತು.

"ಇದು ಬೀಜದ ಜ್ವಾಳ," ಎಂದಳು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದು ನಾನು ಕೇಳಿದೆ. ಸಿಟ್ಟು ನಿಜವಾಗಿಯೂ ಬಂದಿತ್ತು. ಒಬ್ಬ ಮನುಷ್ಯ ಬೆಳಗಿನಿಂದ ಹಾಸಿಗೆ ಮಡಿಸಿಕೊಂಡು ಕೂತಿದ್ದ.

"ಹೇಳಿದ್ರ ಮಂದಿ ಅದನ್ನೂ ಉಣ್ತಾರ್ರಿ ಬಾಯಿ. ಫ್ರಿಜ್ಜು ಇನ್ನೊಂದು ತಾಸು ನಡೀಲಿ ಅಂತ ವಾಯರು ಬದಲಿ ಮಾಡ್ತಾರ. ನಮ್ಮಾಯಿ ಹಗೇದಾಗಿನ ಜ್ವಾಳ ಎಲ್ಲಾರಿಗೂ ತೋರಸ್ತಿದ್ಳು. ಬೀಜ ಎಲ್ಲಿ ಇಟ್ಟಾಳಂತ ಮನ್ಯಾಗ ಒಬ್ಬರಿಗೂ ಹೇಳ್ತಿದ್ದಿಲ್ಲ. ಮಂದಿ ತಪ್ಪು ಮಾಡೇ ಮಾಡ್ತಾರ. ಅದನ್ನ ಹಿಡದೇ ಲೆಕ್ಕ ಮಾಡಬೇಕು."

ನಾನು ಕಲಿತ ಲೆಕ್ಕಗಳಲ್ಲಿ ಬಿಸಿಲಿಗೆ ಜಾಗವಿತ್ತು, ಮೋಡಕ್ಕೆ, ವಾಯರಿನ ಉದ್ದಕ್ಕೆ, ಉಷ್ಣಕ್ಕೆ ಜಾಗವಿತ್ತು. ನಮಗೆ ಜಾಗವಿರಲಿಲ್ಲ. ಅವಳು ಯಾವುದೇ ಕಾಗದವಿಲ್ಲದೆ, ರಂಗೂಬಾಯಿಯ ಭಕ್ತಿಯನ್ನೂ ಕೇದಾರನ ಜಾಣತನವನ್ನೂ ನನ್ನ ತಮ್ಮನ ಮೌನವನ್ನೂ ಒಟ್ಟಿಗೆ ಕೂಡಿಸಿ, ಐದರಲ್ಲಿ ಒಂದು ಪಾಲು ತೆಗೆದಿಟ್ಟಿದ್ದಳು. ನನ್ನ ವಿದ್ಯಾರ್ಥಿಗಳಲ್ಲಿ ಮೂವರು ದೊಡ್ಡ ವಿಜ್ಞಾನಿಗಳಾಗಿದ್ದಾರೆ. ಆ ದಿನ ಪಾರ್ಕಿಂಗಿನಲ್ಲಿ ಆದಷ್ಟು ಬೆರಗು ಅವರಲ್ಲಿ ಯಾರ ಪ್ರಬಂಧ ಓದಿದಾಗಲೂ ನನಗೆ ಆಗಿಲ್ಲ.

ರಂಗೂಬಾಯಿ ಪರದೆಯ ಮೇಲಿನ ಏಳು ತಾಸು ಹತ್ತು ನಿಮಿಷವನ್ನು ಕನ್ನಡಕ ಹಾಕಿಕೊಂಡು ತಾನೇ ಓದಿದಳು. ಆಮೇಲೆ ಗಂಡನ ಕಡೆಗೆ ತಿರುಗಿ, "ಆ ಹೊದಕಿ ಯಾಕ ಮಡಚೀರಿ? ಇನ್ನೂ ಒಂದು ರಾತ್ರಿ ಅದ," ಎಂದಳು.

ಆಗ ಮರೆಮ್ಮ ಚೀಲದಿಂದ ಬನ್ನಿ ತೆಗೆದು ಎಲ್ಲರಿಗೂ ಕೊಟ್ಟಳು. ರಂಗೂಬಾಯಿ ಅವಳ ಕೈಯಿಂದ ತೆಗೆದುಕೊಂಡ ಎಲೆಗಳನ್ನು ಪೆಟ್ಟಿಗೆಯ ಗಣಪತಿಯ ಮುಂದೆ ಇಡಹೋಗಿ, ಮಧ್ಯದಲ್ಲೇ ಕೈ ತಡೆದು, "ಇಲ್ಲಿಟ್ಟರ ನಡೀತದೇನವಾ?" ಎಂದು ಕೇಳಿದಳು.

"ಅಲ್ಲಿ ನಡೀತದ್ರಿ."

ಮೂರನೆಯ ರಾತ್ರಿಯೂ ಕಳೆಯಿತು. ಅದರ ಮರುದಿನ ನಾವು ನಾಲ್ವರು ಜುನ್ನರದ ದಾರಿ ಹಿಡಿದೆವು. ಬಾಳಕೃಷ್ಣನ ಹಳೆಯ ಬಾವಿ ಇದ್ದಲ್ಲೇ ಇತ್ತು, ಪಕ್ಕದಲ್ಲಿ ಈಗ ಒಂದು ಚಹಾದ ಅಂಗಡಿ. ರಂಗೂಬಾಯಿ ಮತ್ತು ನಾನು ಹತ್ತಿರದ ಮನೆಯೊಂದರಲ್ಲಿ ಮಲಗಿದೆವು. ಕೇದಾರ ಅಪ್ಪನ ಜೊತೆ ವ್ಯಾನಿನಲ್ಲಿ.

ಬೆಳಿಗ್ಗೆ ಹೋದಾಗ ಬಾಳಕೃಷ್ಣ ವ್ಯಾನಿನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಆಚೆ ಕಣಿವೆ ತುಂಬ ಬಿಳಿ ಮಂಜು. ಸೂರ್ಯ ಇನ್ನೂ ಗುಡ್ಡದ ಹಿಂದಿದ್ದ. ಕೇದಾರ ಮೀಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ. ಸೊನ್ನೆ. ಗುಡ್ಡದ ಅಂಚು ಹೊತ್ತಿಕೊಂಡಿತು. ಎರಡು, ಒಂಬತ್ತು, ಹದಿನಾರು. ಬೆಳಕು ಹುಲ್ಲಿನ ಮೇಲೆ ನಮ್ಮ ಕಡೆಗೆ ನಡೆದು ಬಂದು ವ್ಯಾನು ಹತ್ತಿತು. ನಲವತ್ತು, ಎಪ್ಪತ್ತು. ಒಂಬತ್ತು ಕೋಟಿ ಮೈಲಿ ದೂರದಿಂದ ಬಂದದ್ದು ನನ್ನ ತಮ್ಮನ ಮುಂದಿನ ರಾತ್ರಿಯ ಉಸಿರಾಗಿ ಒಂದು ಪೆಟ್ಟಿಗೆಯೊಳಗೆ ಇಳಿಯುತ್ತಿತ್ತು. ಈ ದೂರವನ್ನು ನಾನು ಸಾವಿರ ಸಲ ಬಾಯಲ್ಲಿ ಹೇಳಿದ್ದೇನೆ. ಅಂದು ಅದನ್ನು ಮೀಟರಿನ ಅಂಕಿಗಳಲ್ಲಿ ಓದಿದೆ.

ಫೋನು ಬಂತು. ಮರೆಮ್ಮ ನಮಸ್ಕಾರವನ್ನೂ ಹೇಳಲಿಲ್ಲ.

"ಬೀಜ ಮುಟ್ಟಿಲ್ಲಲ್ರಿ?"

"ಇಲ್ಲವಾ," ಎಂದ ಬಾಳಕೃಷ್ಣ. "ಅದರ ಮ್ಯಾಲ ಇನ್ನೂ ನಾಲ್ಕೂವರಿ ಸೇರು ಅದ."

ರಂಗೂಬಾಯಿ ಅವನ ಕೈಯಿಂದ ಫೋನು ತೆಗೆದುಕೊಂಡಳು. "ಮರೆಮ್ಮ, ಇವರು ಇವತ್ತ ಹೊಳ್ಳಿ ಹೋಗೂಣು ಅಂತ ಬಾಯಿಲೆ ಅಂತಾರ, ಎದ್ದೇಳವಲ್ರು. ಇನ್ನೆರಡು ರಾತ್ರಿ ಇದ್ರ ಸಾಲತದೇನು?"

ಆಚೆ ಹಡಪಸರದ ರಸ್ತೆಯ ಹಾರನ್ನುಗಳು ಕೇಳುತ್ತಿದ್ದವು.

"ಮ್ವಾಡ ಹೆಂಗ ಅದಾವ, ನೋಡಿ ಹೇಳ್ರಿ ಅವ್ವಾರ."

ನಾವು ನಾಲ್ವರೂ ತಲೆಯೆತ್ತಿ ನೋಡಿದೆವು.